ಬೋನ್ಸಾಯ್‌ಗೆ ತರಕಾರಿ ಬುಟ್ಟಿ: ಕೆಲವು ಮಳೆಗಾಲ ಕಳೆದ ಮೇಲೆ

ಬೋನ್ಸಾಯ್ ಅಂದ ಕೂಡಲೇ ಎಲ್ಲರೂ ಹೊಳೆಯುವ ಪಿಂಗಾಣಿ ಕುಂಡ ಹುಡುಕುತ್ತಾರೆ. ಅದೆಲ್ಲ ಗಿಡ ಪಳಗಿದ ಮೇಲೆ. ಕಾಂಡ ದಪ್ಪವಾಗಬೇಕಾದ ವರ್ಷಗಳಲ್ಲಿ ನೀರು ನಿಲ್ಲದ, ಅಗ್ಗದ ಕುಂಡ ಸಾಕು. ಬೆಂಗಳೂರಿನ ನಮ್ಮ ಟೆರೇಸಿನಲ್ಲಿ ಮಣ್ಣಿನ ಕುಂಡ, ಪ್ಲಾಸ್ಟಿಕ್ ಟ್ರೇ, ತರಕಾರಿ ತೊಳೆಯುವ ತೂತಿನ ಬುಟ್ಟಿ ಮೂರನ್ನೂ ಬಳಸಿದ್ದೇನೆ. ನನ್ನ ಮತ ಬುಟ್ಟಿಗೆ.

ಪಾತ್ರೆ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುತ್ತದೆ. ತಳದಲ್ಲೂ ಪಕ್ಕದಲ್ಲೂ ತೂತು. ಬೇರಿನ ತುದಿ ತೂತಿನ ಹತ್ತಿರ ಬಂದು ಗಾಳಿ ತಾಗಿದರೆ ಒಣಗುತ್ತದೆ, ಹಿಂದಿನಿಂದ ಸಣ್ಣ ಬೇರುಗಳು ಕವಲೊಡೆಯುತ್ತವೆ. ಮಾಮೂಲಿ ಕುಂಡದಲ್ಲಾದರೆ ಬೇರು ಗೋಡೆ ಹಿಡಿದು ಸುತ್ತುತ್ತಲೇ ಇರುತ್ತದೆ. ಬುಟ್ಟಿಯಲ್ಲಿ ಬೆಳೆದ ಆಲ, ಬಸರಿಗಳ ಬೇರು ಬಿಡಿಸುವುದು ಎಷ್ಟು ಸುಲಭ ಅಂದರೆ, ಆಮೇಲೆ ಬೇರೆ ಕುಂಡ ಮುಟ್ಟಲು ಬೇಜಾರು.

ಬುಟ್ಟಿಯ ತೊಂದರೆ ಎಂದರೆ ಬೇಗ ಒಣಗುತ್ತದೆ. ಏಪ್ರಿಲ್ ಬಿಸಿಲಿಗೆ ಬೆಳಗ್ಗೆ, ಸಂಜೆ ಎರಡು ಹೊತ್ತೂ ನೀರು ಬೇಕು. ಊರಿಗೆ ಹೋಗುವವರಿಗೆ ಇದು ಕಷ್ಟ. ತಿಳಿ ಬಣ್ಣದ ಬುಟ್ಟಿಗಳು ಬಿಸಿಲಿಗೆ ಬೇಗ ಪುಡಿಯಾಗುತ್ತವೆ, ಕಪ್ಪು ಬಣ್ಣದ್ದು ಬಾಳುತ್ತದೆ. ಒಳಗೆ ಹಸಿರು ನೆರಳು ಬಲೆಯ ತುಂಡು ಹಾಸಿದರೆ ಮಣ್ಣು ಸೋರುವುದಿಲ್ಲ.

ಆನ್‌ಲೈನಿನಲ್ಲಿ ತರಿಸಿದ ‘ಟ್ರೈನಿಂಗ್ ಪಾಟ್’ (ಗಿಡ ಪಳಗಿಸುವ ಕುಂಡ) ಪ್ಲಾಸ್ಟಿಕ್ ಟ್ರೇ ನೋಡಲು ಚೆಂದ. ಆದರೆ ತಳದಲ್ಲಿ ತೂತಿನ ಗುರುತು ಮಾತ್ರ ಇತ್ತು, ತೂತು ಇರಲಿಲ್ಲ! ಕೊರೆದ ಮೇಲೂ ಗುರುತಿನ ಸುತ್ತಲಿನ ಅಂಚು ಎದ್ದಿದ್ದರಿಂದ ನೀರು ಅಲ್ಲೇ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಒಂದು ಬದಿಗೆ ಇಟ್ಟಿಗೆ ಚೂರು ಕೊಟ್ಟು ಓರೆಯಾಗಿ ಇಡುತ್ತೇನೆ. ಹಾಗೆ ಮಾಡಿದರೆ ಪರವಾಗಿಲ್ಲ.

ಇನ್ನೊಂದು ವಿಷಯ. ಕುಂಡದ ಆಳ ಕಡಿಮೆಯಾದರೆ ನೀರು ಬೇಗ ಇಳಿಯುತ್ತದೆ ಅಂತ ಅನೇಕರು ನಂಬಿದ್ದಾರೆ. ಹಾಗಿಲ್ಲ. ನೀರೆಲ್ಲ ಇಳಿದ ಮೇಲೂ ತಳದ ಒಂದಷ್ಟು ಮಣ್ಣು ತೊಯ್ದೇ ಇರುತ್ತದೆ. ಆ ಒದ್ದೆ ಪದರದ ಎತ್ತರ ನಿರ್ಧರಿಸುವುದು ಮಣ್ಣಿನ ಕಣದ ಗಾತ್ರ, ಕುಂಡದ ಆಳ ಅಲ್ಲ. ಆಳದ ಕುಂಡದಲ್ಲಿ ಅದು ಲೆಕ್ಕಕ್ಕಿಲ್ಲ, ತಟ್ಟೆಯಂಥ ಕುಂಡದಲ್ಲಿ ಅರ್ಧ ಕುಂಡವೇ ಕೆಸರು. ತಳಕ್ಕೆ ಜಲ್ಲಿ ಹಾಕಿದರೂ ಆ ಒದ್ದೆ ಮೇಲಕ್ಕೆ ಸರಿಯುತ್ತದೆ ಅಷ್ಟೇ. ಹಾಗಾಗಿ ಕೆಂಪು ಮಣ್ಣು ತುಂಬುವ ಬದಲು ಜರಡಿ ಹಿಡಿದು ಪುಡಿ ತೆಗೆದ ಇಟ್ಟಿಗೆ ಚೂರು ಜಾಸ್ತಿ ಹಾಕಿ, ಗೊಬ್ಬರ ಕಡಿಮೆ ಮಾಡಿ.

ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನಿನಿಂದ ತಂದ ಮಣ್ಣಿನ ಕುಂಡ ಜೇಡ್ ಗಿಡಕ್ಕೆ ಹೇಳಿ ಮಾಡಿಸಿದಂತಿದೆ. ಒಂದೇ ತೂತು ಇದ್ದರೆ ರಾತ್ರಿ ನೀರಲ್ಲಿ ನೆನೆಸಿ, ಟೈಲ್ಸ್ ಬಿಟ್ ಹಾಕಿ ಇನ್ನೆರಡು ಕೊರೆಯಿರಿ. ಡ್ರಿಲ್ಲಿನ ಹ್ಯಾಮರ್ ಮೋಡ್ ಮಾತ್ರ ಬೇಡ, ಒಡೆದು ಹೋಗುತ್ತದೆ. ಬೋರ್‌ವೆಲ್ ನೀರಿಗೆ ಹೊರಗೆಲ್ಲ ಬಿಳಿ ಉಪ್ಪು ಕಟ್ಟುತ್ತದೆ, ಉಜ್ಜಿದರೆ ಹೋಗುತ್ತದೆ.

ಬುಟ್ಟಿ ಹಳೆಯದಾದಾಗ ಗಿಡ ಕೀಳಬೇಕಿಲ್ಲ. ಬುಟ್ಟಿ ಸಮೇತ ಅದನ್ನು ಇನ್ನೊಂದು ದೊಡ್ಡ ಬುಟ್ಟಿಯೊಳಗೆ ಇಟ್ಟು ಮಣ್ಣು ತುಂಬಿದರಾಯಿತು. ಬೇರು ಹೊರಗೆ ಇಳಿದು ಕಾಂಡ ದಪ್ಪವಾಗುತ್ತದೆ. ಬೇಕಾದಷ್ಟು ದಪ್ಪ ಬಂದ ಮೇಲೆ ಆ ಹೊರಗಿನ ಬೇರು ಕತ್ತರಿಸಿಬಿಡಿ.