ಸಂಘದ ಕಂತಿಗೆ ಹೆದರಿ ಮನೆ ಬರೆದುಕೊಡಬೇಡಿ

ಕಲಬುರಗಿ, ಬೀದರ, ಯಾದಗಿರಿ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲಿ ಅವ್ವ, ಅಕ್ಕ, ಅತ್ತಿ ಯಾರಾದರೂ ಸಂಘದ ಸಾಲ (ಮೈಕ್ರೋಫೈನಾನ್ಸ್‌ನವರು ಹೆಂಗಸರ ಗುಂಪು ಮಾಡಿ ಕೊಡುವ ಸಾಲ) ತೆಗೆದಿದ್ದರೆ ಅವರಿಗೂ ಓದಿ ಹೇಳಿ. ನಮ್ಮ ಕಾಕಾ-ಕಾಕಿಯ ಮನೆ ಒಂದೂವರೆ ಲಕ್ಷದ ಸಾಲಕ್ಕೆ ಹೋಯಿತು. ಹೊಟ್ಟೆ ಉರಿಯುವುದು ಬರೀ ಅದಕ್ಕಲ್ಲ. ಅವರು ಯಾವ ಸಾಲಕ್ಕೆ ಹೆದರಿದ್ದರೋ ಆ ಸಾಲದವರು ಮನೆಗೆ ಕೈ ಹಾಕುವಂತೆಯೇ ಇರಲಿಲ್ಲ. ಅದನ್ನು ತೀರಿಸಲು ತಂದ ಇನ್ನೊಂದು ಸಾಲ ಮನೆ ನುಂಗಿತು.

ಕಾಕಾ ಗಂಜ್‌ನಲ್ಲಿ ಹಮಾಲಿ ಮಾಡುವವರು. ತೊಗರಿ ಬರುವ ದಿನಗಳಲ್ಲಿ ಕೈತುಂಬ ಕೆಲಸ, ಉಳಿದಾಗ ಅಷ್ಟಕ್ಕಷ್ಟೆ. ಆಳಂದ ರಸ್ತೆ ಕಡೆ ಎರಡು ಖೋಲಿಯ, ಶಹಾಬಾದ್ ಕಲ್ಲು ಹಾಸಿದ ಸ್ವಂತ ಮನೆ ಇತ್ತು. ಮಗಳ ಮದುವೆಗೆ ಕಾಕಿ ಒಂದು ಸಂಘದಿಂದ ಸಾಲ ತೆಗೆದರು. ಅದರ ಕಂತು ತುಂಬಲು ಇನ್ನೊಂದು. ಆಮೇಲೆ ಮೂರನೆಯದು. ಕಾಕಾಗೆ ಸೊಂಟ ಹಿಡಿದು ಕೆಲಸ ನಿಂತಾಗ ಮೂರೂ ಕಡೆ ಕಂತು ತಪ್ಪಿತು.

ವಸೂಲಿಗೆ ಬಂದ ಹುಡುಗರು ಕಟ್ಟೆಯ ಮೇಲೆ ಕೂತರೆ ಕತ್ತಲಾದರೂ ಏಳುತ್ತಿರಲಿಲ್ಲ. ಗುಂಪಿನ ಹೆಂಗಸರ ಜಗಳ ಬೇರೆ. ಒಬ್ಬರು ತಪ್ಪಿಸಿದರೆ ಉಳಿದವರು ತುಂಬಬೇಕು ಅಂತ ಅವರ ತಲೆಯಲ್ಲಿ ಕೂಡಿಸಿರುತ್ತಾರೆ. ಅವರ ಸಿಟ್ಟೂ ಸುಳ್ಳಲ್ಲ ಬಿಡಿ, ಅವರೂ ಕೂಲಿ ಮಾಡಿ ತಿನ್ನುವವರೇ. ಒಂದು ದಿನ ಒಬ್ಬ ಹುಡುಗ "ಮನಿ ಜಪ್ತಿ ಮಾಡ್ತೀವಿ ನೋಡ್ರಿ" ಅಂದುಬಿಟ್ಟ. ಅವತ್ತಿನಿಂದ ಕಾಕಿಗೆ ನಿದ್ದೆ ಇಲ್ಲ.

ಅದು ಬರೀ ಬೆದರಿಕೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕೆ ಯಾವ ಅಡಮಾನವನ್ನೂ ಪಡೆಯುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಅಂದರೆ ಮೂರನೇ ಸಾಲ ಕೊಟ್ಟವರು ಲೆಕ್ಕ ನೋಡೇ ಇಲ್ಲ ಅಂತಾಯಿತು, ಅಲ್ವಾ? ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ಅವರು ಕೋರ್ಟಿಗೆ ಹೋಗಿ ಗೆದ್ದರೂ, ರೈತರು ಮತ್ತು ಕೂಲಿಕಾರರು ತಾವೇ ವಾಸವಿರುವ ಮನೆಯನ್ನು ಇಂಥ ಸಾಲಕ್ಕೆ ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಬಿಡುವುದಿಲ್ಲ. ಮನೆಯನ್ನು ಅಡ ಇಟ್ಟಿದ್ದರೆ ಮಾತ್ರ ಈ ರಕ್ಷಣೆ ಸಿಗಲ್ಲ.

ಇದನ್ನೆಲ್ಲ ಆಗ ಹೇಳುವವರು ಯಾರೂ ಇರಲಿಲ್ಲ. ಬಂದವನು ಓಣಿಯ ಪರಿಚಯದವನು. "ಮೂರೂ ಕಡಿಗಿ ಒಮ್ಮೆಲೇ ತುಂಬಿ ಬಿಡ್ರಿ ಅಕ್ಕಾ, ರೊಕ್ಕ ನಾ ಕೊಡ್ತೀನಿ. ಸುಮ್ನೆ ನಂಬಿಕಿಗೊಂದು ಸಹಿ ಮಾಡ್ರಿ" ಅಂದ. ನೂರಕ್ಕೆ ಐದು ರೂಪಾಯಿ ಬಡ್ಡಿ. ಐದು ಅಂದರೆ ಎಷ್ಟು ಕಡಿಮೆ ಅನಿಸುತ್ತೆ ನೋಡಿ! ಅದು ತಿಂಗಳಿಗೆ. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 7,500, ವರ್ಷಕ್ಕೆ 90,000. ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡೇ ಹಣ ಎಣಿಸಿದ. ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರರು ಅಡಮಾನದ ಸಾಲಕ್ಕೆ ವರ್ಷಕ್ಕೆ ಶೇ. 14, ಅಡಮಾನ ಇಲ್ಲದ್ದಕ್ಕೆ ಶೇ. 16ಕ್ಕಿಂತ ಜಾಸ್ತಿ ಪಡೆಯುವಂತಿಲ್ಲ. 14ರ ಲೆಕ್ಕದಲ್ಲಿ ಇಡೀ ವರ್ಷಕ್ಕೆ 21,000 ಆಗುತ್ತಿತ್ತು. ಇವನಿಗೆ ಲೈಸೆನ್ಸ್ ಎಲ್ಲಿಂದ ಬರಬೇಕು.

"ನಂಬಿಕಿಗೊಂದು ಸಹಿ" ಆಗಿದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಸಾಲದ ಪತ್ರಕ್ಕೆ ಅಲ್ಲಿ ಫೋಟೊ, ಹೆಬ್ಬೆಟ್ಟು ಯಾಕೆ ಅಂತ ಕಾಕಾ ಕೇಳಿದ್ದಾರೆ. "ಈಗೆಲ್ಲಾ ಕಂಪ್ಯೂಟರ್ ಆಗ್ಯಾದ್ರಿ ಕಾಕಾ" ಅಂತ ಉತ್ತರ ಬಂತು. "ರೊಕ್ಕ ಮುಟ್ಟಿದಾವ ಅಂತ ಕೇಳಿದ್ರ ಹೌದು ಅನ್ರಿ" ಅಂತ ಮೊದಲೇ ಹೇಳಿಕೊಟ್ಟಿದ್ದ. ಆಗಿದ್ದು ಪಕ್ಕಾ ಖರೀದಿ ಪತ್ರ. ಮನೆ ಮಾರಿದ್ದೇವೆ, ಪೂರ್ತಿ ಹಣ ಬಂದಿದೆ ಅಂತ ಅದರಲ್ಲಿತ್ತು. ಹೊರಗೆ ಬಂದ ಮೇಲೆ ಬೇರೆ ಬಾಂಡ್ ಪೇಪರ್ ಮೇಲೆ "ಅಸಲು-ಬಡ್ಡಿ ತೀರಿಸಿದ ಮೇಲೆ ಮನೆ ವಾಪಸ್ ಬರೆದುಕೊಡುತ್ತೇನೆ" ಅಂತ ಬರೆದುಕೊಟ್ಟ. ಕಾಕಿ ಆ ಬಾಂಡನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದರು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಜಾಗ ಇದೇ. ಶರತ್ತಿನ ಮಾರಾಟವನ್ನು ಅಡಮಾನ ಅಂತ ಕಾನೂನು ಒಪ್ಪಬೇಕಾದರೆ, ವಾಪಸ್ ಕೊಡುವ ಶರತ್ತು ಅದೇ ಖರೀದಿ ಪತ್ರದೊಳಗೆ ಇರಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಬೇರೆ ಕಾಗದದಲ್ಲಿ ಬರೆದರೆ ಅದು ಅಡಮಾನ ಆಗಲ್ಲ, ಮಾರಾಟ ಅಂತಲೇ ನೋಡುತ್ತಾರೆ. ಬಡ್ಡಿ ವ್ಯಾಪಾರ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಎರಡು ಕಾಗದ ಮಾಡುತ್ತಾರೆ.

ಬಡ್ಡಿಯನ್ನು ತಿಂಗಳಾ ಕೈಯಲ್ಲೇ ಕೊಟ್ಟರು. ರಸೀದಿ ಇಲ್ಲ, ಫೋನ್‌ಪೇ ಇಲ್ಲ, ಬರೆದಿಟ್ಟ ಚೀಟಿಯೂ ಇಲ್ಲ. ಮಳೆಗಾಲದಲ್ಲಿ ಗಂಜ್ ಕೆಲಸ ಕಡಿಮೆಯಾಗಿ ಕೊಡುವುದು ನಿಂತಿತು. ಕಟ್ಟದ ಬಡ್ಡಿ ಅಸಲಿಗೆ ಸೇರಿ ಅದರ ಮೇಲೂ ಬಡ್ಡಿ ಬಿತ್ತು. ಆಮೇಲೆ ಯಾರೋ ಗುರುತಿಲ್ಲದವರು ಟೇಪ್ ಹಿಡಿದು ಮನೆ ಅಳೆಯಲು ಬಂದರು. ವಿಚಾರಿಸಿದರೆ ಪಾಲಿಕೆಯಲ್ಲಿ ಖಾತೆ ಆ ಮನುಷ್ಯನ ಹೆಸರಿಗೆ ಆಗಿದೆ, ಅವನು ಮನೆಯನ್ನು ಮೂರನೆಯವರಿಗೆ ಮಾರಿಯೂ ಆಗಿದೆ.

ವಕೀಲರು ಕೇಸ್ ಹಾಕಬಹುದು ಅಂದರು. ಅದು ನಿಜವಾದ ಮಾರಾಟ ಅಲ್ಲ ಅಂತ ಸಾಬೀತು ಮಾಡಬೇಕು, ವರ್ಷಗಟ್ಟಲೆ ಹಿಡಿಯುತ್ತೆ, ಬಡ್ಡಿ ಕೊಟ್ಟ ದಾಖಲೆ ಇದ್ದಿದ್ದರೆ ಸಲೀಸಾಗುತ್ತಿತ್ತು ಅಂತಲೂ ಹೇಳಿದರು. ಕಾಕಾಗೆ ಅಷ್ಟು ತ್ರಾಣ ಇರಲಿಲ್ಲ. ಹಿರಿಯರ ಪಂಚಾಯ್ತಿಯಲ್ಲಿ ಸಿಕ್ಕ ಸ್ವಲ್ಪ ಹಣ ತೆಗೆದುಕೊಂಡು ಖಾಲಿ ಮಾಡಿದರು. ಈಗ ಬಾಡಿಗೆ ಮನೆ.

ನಿಮ್ಮ ಮನೆಯಲ್ಲಿ ಕಂತು ತಪ್ಪಿದ್ದರೆ ಸಂಘದ ಕಚೇರಿಗೇ ಹೋಗಿ, ಕಂತು ಕಡಿಮೆ ಮಾಡಿಕೊಡಿ ಅಂತ ಬರೆದು ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಕಾಟ ಕೊಟ್ಟರೆ ಪೊಲೀಸರ ಹತ್ತಿರ ಹೋಗಿ. 2025ರಲ್ಲಿ ಕರ್ನಾಟಕ ಇದಕ್ಕೇ ಕಾನೂನು ತಂದಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಬ್ಯಾಂಕಿಗೆ ಮನೆ ಅಡ ಇಟ್ಟು ಸಾಲ ತೆಗೆದವರ ಕಥೆ ಬೇರೆ. ಅಲ್ಲಿ 90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ (ಕೆಟ್ಟ ಸಾಲ) ಆಗುತ್ತೆ, ಆಮೇಲೆ 60 ದಿನದ ನೋಟಿಸ್ ಬರುತ್ತೆ. ಅಂಚೆಯಲ್ಲಿ ಬಂದ ಆ ನೋಟಿಸನ್ನು ವಾಪಸ್ ಕಳಿಸಬೇಡಿ, ಉತ್ತರ ಕೊಡಿ.

ಯಾರಿಗಾದರೂ ಈಗಾಗಲೇ "ನಂಬಿಕೆಗೆ" ಅಂತ ಸಹಿ ಮಾಡಿಕೊಟ್ಟಿದ್ದರೆ, ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಮನೆಯ ಇ.ಸಿ. (ಋಣಭಾರ ಪತ್ರ) ತೆಗೆಸಿ. ನೀವು ಏನನ್ನು ನೋಂದಣಿ ಮಾಡಿಕೊಟ್ಟಿದ್ದೀರಿ ಅಂತ ಅದರಲ್ಲಿ ಕಾಣುತ್ತೆ. ಇನ್ನು ಮುಂದೆ ಬಡ್ಡಿಯನ್ನು ಬ್ಯಾಂಕ್ ಖಾತೆ ಮೂಲಕವೇ ಹಾಕಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಕೂರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಪುಕ್ಕಟೆ ಸಿಗುತ್ತಾರೆ. ಸಹಾಯವಾಣಿ 15100. ಹೋಗುವಾಗ ಇ.ಸಿ., ಬಾಂಡ್ ಪೇಪರ್, ಸಾಲದ ಪಾಸ್‌ಬುಕ್ ಎಲ್ಲ ತೆಗೆದುಕೊಂಡು ಹೋಗಿ.