ಪರ್ಸುವೇಡ್‌ಗೆ ಸ್ಪ್ಯಾನಿಷ್, ಕೋಕ್ಸ್‌ಗೆ ಕನ್ನಡ

ಆನೆಗೊಂದಿಯಲ್ಲಿ ಪ್ರವಾಸಿಗರಿಗೆ ಊರು ತೋರಿಸುವ ಕೆಲಸ ನನ್ನದು. ಹಂಪಿ ನೋಡಿಕೊಂಡು ಹೊಳೆ ದಾಟಿ ಬರುವವರಲ್ಲಿ ಸ್ಪೇನ್‌ನವರೂ ಇರ್ತಾರೆ, ಹಾಗಾಗಿ ಎರಡು ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಈಗ ಇಂಗ್ಲಿಷ್ ಪರೀಕ್ಷೆಗೂ ಓದುತ್ತಿದ್ದೇನೆ. ನನ್ನ ತೊಂದರೆ ಏನಂದ್ರೆ, ಯಾರನ್ನಾದರೂ ಒಪ್ಪಿಸುವುದಕ್ಕೆಲ್ಲ ಫೋರ್ಸ್, ಏನು ಮಾಡಲು ಹೊರಟರೂ ಟ್ರೈ, ಈ ಎರಡೇ ಪದ ಬಾಯಿಗೆ ಬರುತ್ತಿದ್ದವು. ಉಳಿದವನ್ನು ಕಲಿಯಲು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಇಂಗ್ಲಿಷ್‌ಗೆ ಇಂಗ್ಲಿಷ್‌ನಲ್ಲೇ ಅರ್ಥ ಬರೆದ ಕಾರ್ಡುಗಳು. ಗಂಗಾವತಿ ಬಸ್ಸಿನಲ್ಲಿ ದಿನಾ ಓದಿದೆ. ಅರ್ಜ್, ಇಂಡ್ಯೂಸ್, ಕಂಪೆಲ್ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಬರೆದಿತ್ತು. ತಿಂಗಳಾದರೂ ತಲೆಯಲ್ಲಿ ನಿಲ್ಲಲಿಲ್ಲ, ಬಿಟ್ಟೆ.

ಎರಡನೆಯದು ಪ್ರತಿ ಇಂಗ್ಲಿಷ್ ಪದದ ಪಕ್ಕದಲ್ಲಿ ಸ್ಪ್ಯಾನಿಷ್ ಬರೆದುಕೊಳ್ಳುವುದು. ಇಲ್ಲಿ ಖುಷಿಯಾಯ್ತು. ಪರ್ಸುವೇಡ್‌ಗೆ ಪೆರ್ಸುಆದಿರ್, ಡಿಸ್ವೇಡ್‌ಗೆ (ಬೇಡ ಅಂತ ಮನಸ್ಸು ತಿರುಗಿಸು) ದಿಸುಆದಿರ್, ಇಂಡ್ಯೂಸ್‌ಗೆ ಇಂದುಸಿರ್, ಪರ್ಸಿವಿಯರ್‌ಗೆ (ಪಟ್ಟು ಬಿಡದೆ ಮುಂದುವರಿ) ಪೆರ್ಸೆವೆರಾರ್. ಎಲ್ಲವೂ ಲ್ಯಾಟಿನ್‌ನಿಂದ ಬಂದವು, ಮುಖ ನೋಡಿದರೇ ನೆಂಟಸ್ತನ ಗೊತ್ತಾಗುತ್ತದೆ. ಇನ್ನೂ ಇಷ್ಟವಾದದ್ದು ಎಸ್ಫೋರ್ಸಾರ್ಸೆ, ಅಂದರೆ ಇಂಗ್ಲಿಷ್‌ನ ಸ್ಟ್ರೈವ್, ಬಲ ಹಾಕಿ ಪ್ರಯತ್ನ ಮಾಡುವುದು. ಅದರೊಳಗೆ ಫುಎರ್ಸಾ ಇದೆ, ಬಲ ಅಂತ. ಕೊನೆಯ 'ಸೆ' ನಮ್ಮ 'ಕೊಳ್ಳು' ಇದ್ದ ಹಾಗೆ, ತೊಡಗಿಸಿಕೊಳ್ಳು ಅಂತೀವಲ್ಲ, ಹಾಗೆ. ಎಗ್ಸರ್ಟ್ (ಶಕ್ತಿ ಹಾಕು) ಜೊತೆ ಇಂಗ್ಲಿಷ್‌ನವರು ಯಾಕೆ 'ಯುವರ್‌ಸೆಲ್ಫ್' ಸೇರಿಸುತ್ತಾರೆ ಅನ್ನೋದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಆದರೆ ಇದೇ ದಾರಿ ನನ್ನನ್ನು ಎರಡು ಕಡೆ ಎಡವಿಸಿತು. ಇಂತೆಂತಾರ್ ಅಂದರೆ ಪ್ರಯತ್ನ ಮಾಡು. ನಾನು ಅದನ್ನು ಇಂಗ್ಲಿಷ್‌ನ ಇಂಟೆಂಡ್ ಅಂದುಕೊಂಡೆ, ಅದಕ್ಕೆ ಉದ್ದೇಶ ಇಟ್ಟುಕೊಳ್ಳು ಅಂತ ಅರ್ಥ. ಪ್ರೆತೆಂದೆರ್ ಅಂದರೆ ಒಂದನ್ನು ಮಾಡಬೇಕು ಅಂತ ಹೊರಡುವುದು, ಇಂಗ್ಲಿಷ್‌ನ ಪ್ರಿಟೆಂಡ್ ಆದರೆ ನಟಿಸುವುದು. ಎಡವಿದ ಎರಡನೆಯ ಕಡೆ ಇನ್‌ಫ್ಲುಯೆನ್ಸ್. ಸ್ಪ್ಯಾನಿಷ್‌ನಲ್ಲಿ ಇನ್ಫ್ಲುಯಿರ್ ಜೊತೆ 'ಎನ್' ಬೇಕು, ಕನ್ನಡದಲ್ಲೂ ನಾವು 'ಮೇಲೆ' ಪ್ರಭಾವ ಬೀರುತ್ತೇವೆ, ಎರಡೂ ಕೂಡಿ ನನ್ನ ಕೈಯಲ್ಲಿ 'ಇನ್‌ಫ್ಲುಯೆನ್ಸ್ಡ್ ಆನ್ ಮಿ' ಅಂತ ಬರೆಸಿದವು. ಕ್ರಿಯಾಪದವಾಗಿ ಬಂದಾಗ ಅಲ್ಲಿ 'ಆನ್' ಬೇಡ. ಅಭ್ಯಾಸ ಪರೀಕ್ಷೆಯಲ್ಲಿ ಅದೇ ತಪ್ಪು ಮೂರು ಸಲ ಮಾಡಿದ್ದೆ.

ಮೂರನೆಯ ದಾರಿ ಸಿಕ್ಕಿದ್ದು ಅಂಜನಾದ್ರಿ ಮೆಟ್ಟಿಲ ಮೇಲೆ. 575 ಮೆಟ್ಟಿಲು ಅಂತಾರೆ. ಅರ್ಧಕ್ಕೇ ಒಬ್ಬ ಸ್ಪ್ಯಾನಿಷ್ ಅಜ್ಜಿ ಕುಳಿತುಬಿಟ್ಟರು. ಜೊತೆಗಿದ್ದವರು 'ಆನಿಮೊ, ಆನಿಮೊ' ಅಂತ ಹುರಿದುಂಬಿಸಿದರು, ಅಜ್ಜಿ ಏಳಲಿಲ್ಲ. ಮಜ್ಜಿಗೆ ಮಾರುವ ಹೆಂಗಸು ಪಕ್ಕದಲ್ಲಿ ಕೂತು, ಒಂದು ಲೋಟ ಕೈಗಿಟ್ಟು, ಮೊಣಕಾಲು ಸವರಿ, 'ಇನ್ನ ಹತ್ತ ಮೆಟ್ಲ ಅಮ್ಮಾ, ಆಮೇಲೆ ಕುಂದ್ರು' ಅಂತ ಹತ್ತು ಹತ್ತು ಮೆಟ್ಟಿಲಾಗಿ ಮೇಲಕ್ಕೆ ಕರೆದುಕೊಂಡು ಹೋದಳು. ಕೋಕ್ಸ್ ಅಂದರೆ ಅದೇ ಅಲ್ವಾ! ಕಾರ್ಡಿನಲ್ಲಿ ತಿಂಗಳು ಓದಿದರೂ ಸಿಗದ ಪದ. ನಾವು ರಮಿಸುವುದು, ಪುಸಲಾಯಿಸುವುದು ಅಂತೀವಿ. ಸ್ಪ್ಯಾನಿಷ್‌ನಲ್ಲಿ ಕೋಕ್ಸ್‌ನ ಮುಖ ಹೋಲುವ ಪದ ಇಲ್ಲ, ಹುಡುಕಿದರೆ ಅದೇ ಅರ್ಥಕ್ಕೆ ಎಂಗಾತುಸಾರ್ ಅಂತ ಬೇರೆಯೇ ರೂಪದ್ದೊಂದು ಸಿಗುತ್ತದೆ.

ಅಂದಿನಿಂದ ಕನ್ನಡದ ಜೊತೆ ಜೋಡಿಸುತ್ತಿದ್ದೇನೆ. ಪರ್ಸುವೇಡ್ ಒಪ್ಪಿಸು, ಕನ್ವಿನ್ಸ್ ನಂಬಿಸು. ಮಾತಲ್ಲಿ ಎರಡಕ್ಕೂ ಸುಮ್ನೆ 'ಕನ್ವಿನ್ಸ್ ಮಾಡು' ಅಂದುಬಿಡ್ತೀವಿ. ಸ್ಟ್ರಗಲ್ ಹೆಣಗು, ಸ್ಟ್ರೇನ್ ತಿಣುಕು, ಪೆಸ್ಟರ್ ದುಂಬಾಲು ಬೀಳು. ಇಷ್ಟು ಸೂಕ್ಷ್ಮ ಪದಗಳು ಮನೆಯಲ್ಲೇ ಇದ್ದವು, ನಾನು ಅವನ್ನು ಬಿಟ್ಟು ಬೇರೆಲ್ಲೋ ಹುಡುಕುತ್ತಿದ್ದೆ. ಕನ್ನಡ ಸೋಲುವುದು ದೊಡ್ಡ ಬರಹದ ಪದಗಳಲ್ಲಿ. ಇಂಡ್ಯೂಸ್, ಕೋಅರ್ಸ್, ಇನ್‌ಸ್ಟಿಗೇಟ್‌ಗೆಲ್ಲ ಪ್ರೇರೇಪಿಸು, ಬಲವಂತಪಡಿಸು, ಪ್ರಚೋದಿಸು ಅಂತ ಬರೆದರೆ ಬಾಯಿಗೆ ಬರುವುದಿಲ್ಲ, ಸ್ಪ್ಯಾನಿಷ್ ಬೇಗ ನೆನಪಿಗೆ ಬರುತ್ತದೆ.

ಒಂದನ್ನೇ ಆರಿಸು ಅಂದರೆ ನಾನು ಕನ್ನಡವನ್ನೇ ಆರಿಸ್ತೀನಿ, ಸ್ಪ್ಯಾನಿಷ್ ಬಾರದವರಿಗಂತೂ ಇದಕ್ಕಾಗಿ ಅದನ್ನು ಕಲಿಯಿರಿ ಅನ್ನಲಾರೆ. ಸ್ಟ್ರೈವ್ ಒಂದಕ್ಕೆ ಮಾತ್ರ ಇನ್ನೂ ಕನ್ನಡ ಸಿಕ್ಕಿಲ್ಲ. ಹೆಣಗು ಅಂದರೆ ಸೋಲುವ ವಾಸನೆ ಬರುತ್ತದೆ, ಶ್ರಮಿಸು ಅಂದರೆ ಭಾಷಣ. ಪುಸ್ತಕದಲ್ಲಿ ಆ ಜಾಗಕ್ಕೆ ಸದ್ಯ ಎಸ್ಫೋರ್ಸಾರ್ಸೆ ಅಂತಲೇ ಬರೆದಿಟ್ಟಿದ್ದೇನೆ.