ಎಫ್‌ಸಿಗೆ ಮುಂಚೆ ಗ್ಯಾರೇಜಿಗೆ: ನಮ್ಮ 2010ರ ವ್ಯಾಗನ್ ಆರ್

ನಮ್ಮ ಕಾರಿಗೆ ಹದಿನೈದು ವರ್ಷ ತುಂಬಿತು. ಆರ್‌ಸಿ (ನೋಂದಣಿ ಪತ್ರ) ನವೀಕರಣಕ್ಕೆ ಆರ್‌ಟಿಓಗೆ ತೋರಿಸಿ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ, ಪಡೆಯಬೇಕು; ಪಾಸಾದರೆ ಇನ್ನೈದು ವರ್ಷ. ಅದಕ್ಕೆ ಮುಂಚೆ ಮೈಸೂರಿನ ಕುವೆಂಪುನಗರದಲ್ಲಿ ಮನೆ ಹತ್ತಿರದ ಸಣ್ಣ ಗ್ಯಾರೇಜಿಗೆ ಬಿಟ್ಟಿದ್ದೆ.

ಮೆಕ್ಯಾನಿಕ್ ಅಣ್ಣ ಸುಮ್ನೆ ಪಟ್ಟಿ ಬರೆದುಕೊಡಲಿಲ್ಲ. ಕಾರನ್ನು ಜಾಕ್ ಮೇಲೆತ್ತಿ, ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ, "ಸಾರ್, ನೀವೇ ಹಿಡಿದು ನೋಡಿ" ಅಂದರು. ಟಕ್ ಟಕ್ ಅಂತ ಆಡುತ್ತಿತ್ತು, ಚಕ್ರವನ್ನು ಹಿಡಿದಿಡುವ ಕೀಲು, ಅಂದರೆ ಬಾಲ್ ಜಾಯಿಂಟ್, ಸವೆದಿತ್ತು. ಇಷ್ಟು ದಿನ ಇದೇ ಚಕ್ರದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದೇನೆ ಅಂತ ನೆನೆದು ಎದೆ ಝಲ್ ಅಂತು. ಆಮೇಲೆ ಟೈರಿನ ತೋಡುಗಳೊಳಗೆ ಅಡ್ಡಡ್ಡ ಇರುವ ಪುಟ್ಟ ರಬ್ಬರ್ ಉಬ್ಬುಗಳನ್ನು ತೋರಿಸಿದರು. ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ತೋಡಿನ ಆಳ 1.6 ಮಿ.ಮೀ. ಅಷ್ಟೇ ಉಳಿದಿದೆ ಅಂತ ಅರ್ಥ, ಬದಲಾಯಿಸಲೇಬೇಕು.

ಬ್ರೇಕ್ ಪ್ಯಾಡ್, ವೈಪರ್ ಹೊಸದು ಹಾಕಿದರು. ಹಳೆಯ ಭಾಗಗಳನ್ನು ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು, ಇದು ನನಗೆ ತುಂಬಾ ಹಿಡಿಸಿತು. ಹೇಳಿದ್ದಕ್ಕಿಂತ ಎರಡು ದಿನ ತಡವಾಯಿತು, ಫೋನ್ ಮಾಡಿ ಒಂದು ಮಾತು ಹೇಳಬಹುದಿತ್ತು. ಬಿಲ್ಲೂ ಕೇಳಿದ ಮೇಲೇ ಬಂತು.

ಎಂಟು ವರ್ಷ ದಾಟಿದ ಹಳದಿ ಬೋರ್ಡ್ ಗಾಡಿಗಳಿಗೆ ಪ್ರತಿ ವರ್ಷ ಎಫ್‌ಸಿ ಇದೆ. ನಮ್ಮ ಬಿಳಿ ಬೋರ್ಡಿಗೆ ಹದಿನೈದು ವರ್ಷ ಯಾರೂ ಕೇಳುವುದಿಲ್ಲ, ಹೊಗೆ ತಪಾಸಣೆ ಒಂದು ಬಿಟ್ಟರೆ. ಆದರೆ ಬ್ರೇಕು ಎಲ್ಲರದ್ದೂ ಸವೆಯುತ್ತದೆ ಅಲ್ವಾ? ಇನ್ನು ಮುಂದೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಇಲ್ಲೇ ತೋರಿಸುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್.